ಸಿಂಡರೆಲ್ಲಾ ಶೂ ಅಂಗಡಿ ಹಾಕಿದ್ಲಂತೆ, ನಮ್ಮಮ್ಮಂಗೆ ಕಥೆ ಹಿಡಿಸಲಿಲ್ಲ

ಒಗ್ಗರಣೆ ಡಬ್ಬಿ · ಶನಿವಾರ ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೀ ಓದ್ಕೊಂಡಿದ್ದೆ, ಇವತ್ತು ಕೈ ತಡೀಲಿಲ್ಲ.

ಮಗಳಿಗೆ 7 ವರ್ಷ. ಹೋದ ಭಾನುವಾರ ಚರ್ಚ್ ಸ್ಟ್ರೀಟಲ್ಲಿ ಒಂದು ಇಂಗ್ಲಿಷ್ ಪುಸ್ತಕ ತಂದೆ. ಸಿಂಡರೆಲ್ಲಾ ಕಥೆನೇ, ಆದ್ರೆ ಹೊಸದಾಗಿ ಹೆಣ್ಣಿನ ಕಡೆಯಿಂದ ಬರೆದಿದ್ದು. ಗಾಜಿನ ಶೂ ಕಾಲು ಕಚ್ಚುತ್ತೆ ಅಂತ ಬಿಸಾಕ್ತಾಳೆ, ರಾಜಕುಮಾರನಿಗೆ ಒಲ್ಲೆ ಅಂತಾಳೆ, ಕೊನೇಲಿ ತಾನೇ ಶೂ ಅಂಗಡಿ ಹಾಕ್ತಾಳೆ. ನನಗಂತೂ ಖುಷಿಯಾಗಿ ಮೂರು ರಾತ್ರಿ ಕನ್ನಡ ಮಾಡ್ಕೊಂಡು ಓದಿ ಹೇಳಿದೆ.

ನಮ್ಮಮ್ಮ ತಿಪಟೂರಿಂದ ಬಂದಿದಾರೆ. ಹಾಸಿಗೆ ಮೇಲೆ ಕೂತು ಬತ್ತಿ ಹೊಸೀತಾ ಪೂರ್ತಿ ಕೇಳಿಸ್ಕೊಂಡು ಒಂದೇ ಮಾತು ಅಂದ್ರು: "ಪಾಠ ಚೆನ್ನಾಗಿದೆ ಕಣೆ, ಕಥೆ ಎಲ್ಲಿದೆ ಇದ್ರಲ್ಲಿ?" ಮಗಳು ಬೇರೆ ಅಜ್ಜಿ ಪಕ್ಷ. ನಾಲ್ಕನೇ ದಿನ ಪುಸ್ತಕ ಬೇಡ, ಅಜ್ಜಿನೇ ಹೇಳ್ಲಿ ಅಂತ ಹಟ.

ನನ್ನ ಪ್ರಶ್ನೆ ಇಷ್ಟೆ. ಈ ತರ ತಿರುಗಿ ಬರೆದ ಕಥೆಗಳನ್ನ ನೀವ್ಯಾರಾದ್ರೂ ಓದ್ತೀರಾ? ದೊಡ್ಡೋರಿಗೆ ಬರೆದಿದ್ದಾದ್ರೂ ಸರಿ. ನಿಜವಾಗ್ಲೂ ಚೆನ್ನಾಗಿರೋದು ಯಾವುದು? ಕನ್ನಡದಲ್ಲಿ ಏನಿದೆ?

500ಡಿ ಪ್ರಯಾಣಿಕ · 10:19

ಶೂ ಅಂಗಡಿಗೆ ಬಂಡವಾಳ ಯಾರು ಹಾಕಿದ್ರು? ಯಕ್ಷಿಣಿನಾ, ಸಹಕಾರಿ ಬ್ಯಾಂಕಾ? ಜಯನಗರ 4ನೇ ಬ್ಲಾಕಲ್ಲಿ ಅಂಗಡಿ ಬಾಡಿಗೆ ಕೇಳಿದ್ರೆ ಆಯಮ್ಮ ವಾಪಸ್ ರಾಜಕುಮಾರನ ಹತ್ರಾನೇ ಹೋಗ್ತಾಳೆ.

ಸುಮ್ನೆ ಓದುವವ · 10:31

ನಿಮ್ಮ ತಾಯಿಯವರು ಹೇಳಿದ್ದೇ ಸರಿ. ನೂರಾರು ವರ್ಷದಿಂದ ಜನ ಹೇಳ್ಕೊಂಡು ಬಂದಿರೋ ಮೂಲ ಕಥೆಗೆ ಈಗಿನವರು ಬಣ್ಣ ಬಳಿಯೋದ್ಯಾಕೆ? ಹೊಸ ವಿಚಾರ ಇದ್ರೆ ಹೊಸ ಕಥೆ ಬರೀಲಿ. ಇನ್ನೊಬ್ಬರು ಕಟ್ಟಿದ ಮನೆಗೆ ಹೋಗಿ ಗೋಡೆ ಒಡೆದು ವಾಸ್ತು ಸರಿಮಾಡ್ದೆ ಅನ್ನೋದು ಯಾವ ಸೀಮೆ ಸಾಹಿತ್ಯ?

ಹಳೇ ಪೇಪರ್ · 10:58

@ಸುಮ್ನೆ ಓದುವವ, ಆ "ಮೂಲ ಕಥೆ" ಯಾವುದು ಅಂತ ಸ್ವಲ್ಪ ತೋರಿಸಿ ಸಾರ್. ನಾನೂ ಹುಡುಕ್ತಾ ಇದೀನಿ.

ಸ್ನೋವೈಟ್ ತಗೊಳ್ಳಿ. ಜರ್ಮನಿಲಿ ಜನಪದ ಕಥೆ ಕೂಡಿಹಾಕಿದ ಗ್ರಿಮ್ ಸಹೋದರರು 1812ರಲ್ಲಿ ಮೊದಲು ಅಚ್ಚು ಹಾಕಿಸಿದಾಗ ಆ ಹುಡುಗಿನ ಕೊಲ್ಲೋಕೆ ಹೊರಟವಳು ಹೆತ್ತ ತಾಯಿ. ಮಲತಾಯಿ ಅಲ್ಲ. 1819ರ ಎರಡನೇ ಆವೃತ್ತಿ ಹೊತ್ತಿಗೆ ತಾಯಿ ಸತ್ತು ಮಲತಾಯಿ ಬಂದ್ಲು. ಹ್ಯಾನ್ಸೆಲ್ ಗ್ರೆಟೆಲ್ ಕಥೇಲೂ ಮಕ್ಕಳನ್ನ ಕಾಡಲ್ಲಿ ಬಿಟ್ಟು ಬರೋಣ ಅಂದವಳು ಮೊದಲು ಅಮ್ಮನೇ, 1840ರಲ್ಲಿ ಅವಳೂ ಮಲತಾಯಿ ಆದ್ಲು. ರಪುನ್ಜೆಲ್ ಕಥೆ ಇನ್ನೂ ಮಜಾ. ಗೋಪುರದಲ್ಲಿ ಕೂಡಿಹಾಕಿರೋ ಹುಡುಗಿ ಹತ್ರ ರಾಜಕುಮಾರ ಕದ್ದು ಬಂದುಹೋಗ್ತಿರ್ತಾನೆ. 1812ರಲ್ಲಿ ಆ ಹುಡುಗಿ ತನ್ನನ್ನ ಅಲ್ಲಿಟ್ಟ ಮುದುಕಿನ ಕೇಳ್ತಾಳೆ, ನನ್ನ ಬಟ್ಟೆ ಯಾಕೆ ಬಿಗಿಯಾಗ್ತಿದೆ ಅಂತ. ಅಂದ್ರೆ ಬಸುರಿ. ಮಕ್ಕಳ ಪುಸ್ತಕಕ್ಕೆ ಇದು ಸರಿಯಲ್ಲ ಅಂತ ಜನ ಗೊಣಗಿದ ಮೇಲೆ ಆ ಮಾತು ತೆಗೆದು, ರಾಜಕುಮಾರನಿಗಿಂತ ನಿನ್ನನ್ನ ಮೇಲೆಳೆಯೋದು ಭಾರ ಅಂತ ಬಾಯ್ತಪ್ಪಿ ಹೇಳಿದ್ಲು ಅಂತ ಮಾಡಿದ್ರು. 1857ರ ಏಳನೇ ಆವೃತ್ತಿವರೆಗೂ ತಿದ್ದುತ್ತಲೇ ಇದ್ರು.

ಅಂದ್ರೆ ನಿಮ್ಮ ಮನೆ ಗೋಡೆನ 45 ವರ್ಷ ಒಡೆದು ಕಟ್ಟಿದವರು ಆ ಇಬ್ಬರು ಅಣ್ಣತಮ್ಮಂದಿರೇ. ಆಗ ವಾಸ್ತು ಕೇಳೋಕೆ ನೀವಿರ್ಲಿಲ್ಲ.

ಕಡ್ಲೆಕಾಯಿ ಪರಿಷೆ · 11:04

ಇನ್ನೊಂದು ಸೇರಿಸ್ತೀನಿ. ಮಲಗಿದ ಸುಂದರಿನ ಮುತ್ತು ಕೊಟ್ಟು ಎಬ್ಬಿಸಿದ್ರು ಅಂತ ನಾವು ಮಕ್ಕಳಿಗೆ ಹೇಳ್ತೀವಲ್ಲ. ಇಟಲಿಯ ಬಸಿಲೆ ಅನ್ನೋನ ಪುಸ್ತಕ 1634ರಿಂದ 36ರಲ್ಲಿ ಬಂತು. ಅದ್ರಲ್ಲಿ ರಾಜ ಅವಳನ್ನ ಎಬ್ಬಿಸೋದೇ ಇಲ್ಲ. ಮಲಗಿದ್ದಂಗೇ ಕೂಡಿ ಹೊರಟುಹೋಗ್ತಾನೆ. ನಿದ್ದೆಲೇ ಅವಳಿ ಮಕ್ಕಳಾಗಿ, ಹಾಲಿಗೆ ಹುಡುಕಾಡ್ತಾ ಒಂದು ಮಗು ಬೆರಳು ಚೀಪಿ, ಅವಳನ್ನ ನಿದ್ದೆಗೆ ಕೆಡವಿದ್ದ ಮುಳ್ಳು ಕೀಳುತ್ತೆ, ಆಗ ಎಚ್ಚರ. ಇದನ್ನ ಮೂಲ ಅಂತ ಇಟ್ಕೊಳ್ಳೋದಾದ್ರೆ ಇಟ್ಕೊಳ್ಳಿ.

ಸುಮ್ನೆ ಓದುವವ · 11:10

ಸರಿ ಸರಿ, ಮೂಲ ಅನ್ನೋ ಪದ ವಾಪಸ್ ತಗೊಂಡೆ. ಆದ್ರೂ ನನ್ನ ಮಾತು ಅದಲ್ಲ. ಆಗ ತಿದ್ದಿದವರು ಕಥೆ ಕೆಡಿಸಲಿಲ್ಲ. ಈಗಿನವರು ಭಾಷಣ ತುರುಕ್ತಾರೆ.

ಹಳೇ ಪೇಪರ್ · 11:12

ಕೆಡಿಸಲಿಲ್ಲ ಅಂತ ನಿಮಗನ್ಸುತ್ತೆ, ಯಾಕಂದ್ರೆ ನೀವು ಕೇಳಿದ್ದು ತಿದ್ದಿದ ಮೇಲೆ.

ಬೆಣ್ಣೆ ಖಾಲಿ · 11:15

ಮೊದಲು ನಮ್ಮ ಕಾಗಕ್ಕ ಗುಬ್ಬಕ್ಕನ ಕಥೆಗೆ ಯಾರಾದ್ರೂ ನ್ಯಾಯ ಕೊಡ್ಸಿ. ಮಳೇಲಿ ನೆನ್ಕೊಂಡು ಕಾಗಕ್ಕ ಬಾಗಿಲು ತಟ್ತಾಳೆ. ಗುಬ್ಬಕ್ಕ "ತಾಳು, ಮಗೂಗೆ ಸ್ನಾನ ಮಾಡಿಸ್ತಿದೀನಿ", "ತಾಳು, ಮಗೂಗೆ ಊಟ ಮಾಡಿಸ್ತಿದೀನಿ", "ತಾಳು, ಮಗು ಮಲಗಿಸ್ತಿದೀನಿ". ಎಲ್ಲರೂ ಗುಬ್ಬಕ್ಕನ್ನ ಬೈತಾರೆ, ಕಲ್ಲುಮನಸ್ಸು ಅಂತ. ಆ ಗುಬ್ಬಣ್ಣ ಎಲ್ಲೋಗಿದ್ದ ಅಂತ ಒಬ್ರೂ ಕೇಳಿಲ್ಲ! ಎದ್ದು ಬಾಗಿಲು ತೆಗೆಯೋಕೆ ಅವನಿಗೇನು ರೋಗ?

500ಡಿ ಪ್ರಯಾಣಿಕ · 11:17

ಗುಬ್ಬಣ್ಣ ಸಿಲ್ಕ್ ಬೋರ್ಡ್ ಸಿಗ್ನಲಲ್ಲಿದ್ದ.

ಒಗ್ಗರಣೆ ಡಬ್ಬಿ · 11:20

ನಕ್ಕೂ ನಕ್ಕೂ ಮಗು ಎದ್ಬಿಡ್ತು. ನಮ್ಮ ಕಡೆ ಕಾಗಕ್ಕನ ಮನೆ ಸಗಣಿದು, ಗುಬ್ಬಕ್ಕನದು ಕಲ್ಲಿಂದು. ಮಳೆಗೆ ಸಗಣಿ ಮನೆ ಕೊಚ್ಕೊಂಡು ಹೋಗುತ್ತೆ.

ಕಡ್ಲೆಕಾಯಿ ಪರಿಷೆ · 11:22

ಸಗಣಿ? ಉಪ್ಪಿನ ಮನೆ ಕಣ್ರೀ. ಉಪ್ಪು ಕರಗುತ್ತೆ, ಅದಕ್ಕೇ ಕಥೆ.

ಬೆಣ್ಣೆ ಖಾಲಿ · 11:23

ಉಪ್ಪಿನ ಮನೆ ಯಾವ ಕಾಗೆ ಕಟ್ಟುತ್ತೆ? ಸಗಣಿನೇ.

ಧಾರವಾಡದಾಕಿ · ಭಾನುವಾರ ಬೆಳಿಗ್ಗೆ 7:40

ಅಲ್ರೀ, ರಾತ್ರಿಯೆಲ್ಲಾ ಸಿಂಡರೆಲ್ಲಾ ಸಿಂಡರೆಲ್ಲಾ ಅಂತ ಬಡಕೊಂಡೀರಿ, ನಮ್ಮ ಹಂಚಿ ಕಥಿ ಒಬ್ಬರಿಗೂ ನೆನಪಾಗಲಿಲ್ಲೇನು?

ನಮ್ಮ ಆಯಿ ಹೇಳತಿದ್ಲು. ಬಂಗಾರದಂಥಾ ಕೂದಲಿನ ಹುಡುಗಿ. ಸ್ವಂತ ಅಣ್ಣನ ಕಣ್ಣೇ ಆಕಿ ಮ್ಯಾಲೆ ಬೀಳತೈತಿ, ಲಗ್ನ ಆದ್ರ ಇಕಿನ್ನೇ ಆಗತೀನಿ ಅಂತ ಕುಂದರತಾನ. ತಾಯಿ ಏನ್ ಮಾಡತಾಳ? ಮಗನ ಜೋಡಿ ವಾದ ಮಾಡಂಗಿಲ್ಲ. ಮಣ್ಣಿನ ಮುಖವಾಡ ಮಾಡಿಸಿ ಮಗಳ ಮಾರಿಗೆ ಹಾಕಿ, ಊರು ಬಿಟ್ಟು ಹೋಗು ತಾಯಿ ಅಂತ ಕಳಸತಾಳ. ಹಂಚಿನ ಮಾರಿ ಅಂತ ಮಂದಿ ಆಕಿಗೆ ಹಂಚಿ ಅಂತ ಕರೀತಾರ. ಸಾವ್ಕಾರನ ಮನ್ಯಾಗ ಅಡಗಿ ಕೆಲಸಕ್ಕ ಸೇರತಾಳ, ಅಕ್ಕಿಯ ಸಿಹಿ ಅಡಗಿ ಮಾಡೋದ್ರಾಗ ಆಕಿ ಕೈ ಹಿಡಿಯೋರಿಲ್ಲ. ಆ ಮನೀ ಸಣ್ಣ ಮಗ ಒಂದಿನ ಮುಖವಾಡ ಇಲ್ಲದ ಮಾರಿ ನೋಡತಾನ, ಮದುವಿ ಆಕ್ಕೈತಿ.

ನಿಮ್ಮ ಸಿಂಡರೆಲ್ಲಾ ಇಲ್ಲೇ ಮುಗೀತದ. ನಮ್ಮ ಹಂಚಿಗೆ ಇನ್ನೂ ಅರ್ಧ ಕಥಿ ಬಾಕಿ. ಮನೀಗೆ ಬರೋ ಗುರುಸ್ವಾಮಿ ಆಕಿ ಮ್ಯಾಲೆ ಕಣ್ಣ ಹಾಕತಾನ, ಆಕಿ ಸೊಪ್ಪ ಹಾಕಂಗಿಲ್ಲ ಅಂದಕೂಡಲೇ ನಡತಿ ಸರಿ ಇಲ್ಲ ಅಂತ ಸುಳ್ಳ ಹಬ್ಬಿಸತಾನ. ಮನೀ ಮಂದಿ ಅಂವನ್ನ ನಂಬಿ ಆಕಿನ್ನ ಹೊಡದು ಹೊರಗ ಹಾಕತಾರ. ಕಡೀಕ ಆಕಿ ಕೈ ಅಡಗಿ ರುಚಿ ನೋಡಿ ಗುರುತ ಹಿಡೀತಾರ.

ಎ.ಕೆ. ರಾಮಾನುಜನ್ ಅವರು ಇದನ್ನ ಕನ್ನಡದ ಸಿಂಡರೆಲ್ಲಾ ಅಂತ ಹೆಸರಿಟ್ಟು ಇಂಗ್ಲಿಷಿನ್ಯಾಗ ಬರದಾರ. ಅಣ್ಣ, ಗುರು, ಅತ್ತಿಮನಿ, ಮೂರೂ ಕಡೆ ಆಕಿಗೆ ಬರೋ ಕುತ್ತು ಎಲ್ಲಿಂದ ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸ್ತ್ರೀವಾದ ಅನ್ನೋ ಶಬ್ದ ನಮ್ಮ ಆಯಿಗೆ ಗೊತ್ತಿರಲಿಲ್ಲ, ಕಥಿ ಗೊತ್ತಿತ್ತು.

ಮಳೆ ನಿಂತ ಮೇಲೆ · 8:05

ವಾಹ್. ಆದ್ರೆ ಕೊನೆಗೆ ಅವಳನ್ನ ಉಳಿಸಿದ್ದು ಅಡುಗೆನೇ ಅಲ್ವಾ ಅಕ್ಕಾ? ಸುತ್ತಿ ಸುಳಿದು ಅಡುಗೆಮನೆಗೇ ಬಂತು.

ಧಾರವಾಡದಾಕಿ · 8:11

ಬಂತು. ಆಕಿ ಬಲ್ಲದ್ದು ಅದು. ಕಾಲಿನ ಅಳತಿಗಿಂತ ಕೈ ರುಚಿ ವಾಸಿ ಅಲ್ಲೇನವ್ವ? ಕಾಲ ಹುಟ್ಟಿನಿಂದ ಬರತೈತಿ, ರುಚಿ ಕಲೀಬೇಕಾಗತೈತಿ.

ಸುಮ್ನೆ ಓದುವವ · 8:30

ನೋಡಿ, ಧಾರವಾಡದಾಕಿಯವರು ನನ್ನ ಪಕ್ಷಾನೇ ಗಟ್ಟಿ ಮಾಡಿದ್ರು. ನಮ್ಮ ಹಳೇ ಕಥೇಲೇ ಎಲ್ಲಾ ಇದೆ. ತಿರುಗಿ ಬರೆಯೋ ಅಗತ್ಯ ಏನು?

ಧಾರವಾಡದಾಕಿ · 8:33

ನಿಮ್ಮ ಪಕ್ಷಕ್ಕ ನನ್ನ ಎಳೀಬ್ಯಾಡ್ರಿ. ನಮ್ಮ ಆಯಿ ಪ್ರತಿ ಸಲ ಬ್ಯಾರೇನೇ ಹೇಳತಿದ್ಲು. ಸೊಸಿ ಎದುರು ಕುಂತಾಗ ಒಂದು, ಅಳಿಯ ಬಂದಾಗ ಇನ್ನೊಂದು. ಹಳೇ ಕಥಿ ಅಂದ್ರ ಫ್ರೇಮ್ ಹಾಕಿಸಿ ಗೋಡೆಗೆ ಬಡಿಯೋದಲ್ರೀ.

ಹಳೇ ಪೇಪರ್ · 9:20

ಒಗ್ಗರಣೆ ಡಬ್ಬಿಯವರ ಅಸಲು ಪ್ರಶ್ನೆಗೆ ಬರ್ತೀನಿ. ದೊಡ್ಡವರಿಗೆ ಅಂದ್ರೆ ನಾನು ಆಂಜೆಲಾ ಕಾರ್ಟರ್ ಅಂತೀನಿ. ಇಂಗ್ಲೆಂಡಿನಾಕೆ, "ದಿ ಬ್ಲಡಿ ಚೇಂಬರ್" ಅಂತ 1979ರ ಸಂಕಲನ. ಅವೆನ್ಯೂ ರೋಡಲ್ಲಿ ಹಳೇ ಪ್ರತಿ ಸಿಕ್ಕಿದಾಗ ನನಗೆ 22 ವರ್ಷ, ಬಸ್ಸಲ್ಲಿ ಓದ್ತಾ ಇಳಿಯೋ ಸ್ಟಾಪ್ ಬಿಟ್ಟು ಮುಂದೆ ಹೋಗಿದ್ದೆ.

ಅದ್ರಲ್ಲಿ ಮೊದಲ ಕಥೆ ನೀಲಿಗಡ್ಡದವನದ್ದು. ಹೆಂಡತಿಯರನ್ನ ಕೊಂದು ಕೋಣೇಲಿ ಬೀಗ ಹಾಕಿಡೋ ಶ್ರೀಮಂತ, ಹೊಸ ಹೆಂಡತಿ ಕೈಗೆ ಬೀಗದ ಕೈ ಗೊಂಚಲು ಕೊಟ್ಟು ಆ ಒಂದು ಕೋಣೆ ಮಾತ್ರ ತೆಗೀಬೇಡ ಅಂತ ಹೋಗೋದು. ಫ್ರಾನ್ಸಿನ ಪೆರೋ 1697ರಲ್ಲಿ ಬರೆದಾಗ ಕೊನೇಲಿ ಬಂದು ಉಳಿಸೋರು ಹುಡುಗಿಯ ಅಣ್ಣತಮ್ಮಂದಿರು. ಕೆಳಗೆ ಒಂದು ನೀತಿ ಬೇರೆ: ಹೆಂಗಸರಿಗೆ ಕುತೂಹಲ ಒಳ್ಳೇದಲ್ಲ. ಕೊಲೆ ಮಾಡಿದ್ದು ಅವನು, ಬುದ್ಧಿಮಾತು ಇವಳಿಗೆ! ಕಾರ್ಟರ್ ಕಥೇಲಿ ಅಣ್ಣ ಬರಲ್ಲ, ತಮ್ಮ ಬರಲ್ಲ. ಹುಡುಗಿಯ ಅಮ್ಮ ಬರ್ತಾಳೆ. ಕುದುರೆ ಮೇಲೆ, ಗಂಡನ ಹಳೇ ರಿವಾಲ್ವರ್ ಹಿಡ್ಕೊಂಡು. ಫೋನಲ್ಲಿ ಮಗಳ ಅಳು ಕೇಳಿದ್ದೇ ಸಾಕಾಗಿತ್ತು ಆ ತಾಯಿಗೆ.

ಹಂಚಿ ಕಥೆ ಓದಿ ಇದು ನೆನಪಾಯ್ತು. ಅಲ್ಲೂ ಮೊದಲು ಉಳಿಸಿದ್ದು ತಾಯಿ. ಒಬ್ಬಳ ಕೈಲಿ ಮಣ್ಣಿನ ಮುಖವಾಡ, ಇನ್ನೊಬ್ಬಳ ಕೈಲಿ ರಿವಾಲ್ವರ್. ನಿಮ್ಮ ಶೂ ಅಂಗಡಿ ಪುಸ್ತಕಕ್ಕೂ ಇದಕ್ಕೂ ವ್ಯತ್ಯಾಸ ಏನಂದ್ರೆ, ಕಾರ್ಟರ್ ಹುಡುಗಿನ ಗಟ್ಟಿಗಿತ್ತಿ ಮಾಡೋಕೆ ಹೋಗಲ್ಲ. ಆ ಹುಡುಗಿಗೆ ಭಯ ಇದೆ, ಆಸೆ ಇದೆ, ಅವನ ದುಡ್ಡಿನ ಮೇಲೆ ಮೋಹಾನೂ ಇದೆ. ಕತ್ತಲೆ ಕೋಣೆ ಕತ್ತಲೆಯಾಗೇ ಇರುತ್ತೆ. ನಿಮ್ಮಮ್ಮ ಕಥೆ ಎಲ್ಲಿದೆ ಅಂದಿದ್ದು ಆ ಕತ್ತಲೆನ ಅಂತ ನನ್ನ ಅನುಮಾನ. ಮಕ್ಕಳಿಗೆ ಇದನ್ನ ಓದಿ ಹೇಳ್ಬೇಡಿ ಮತ್ತೆ!

ಮಳೆ ನಿಂತ ಮೇಲೆ · 9:34

ಹೌದು! ಈಗ ಬರೋದ್ರಲ್ಲಿ ಅರ್ಧ ಪುಸ್ತಕ ರಾಜಕುಮಾರನ ಕೈಯಿಂದ ಕತ್ತಿ ಕಿತ್ತು ರಾಜಕುಮಾರಿ ಕೈಗೆ ಕೊಡೋದು, ಅಷ್ಟೆ. ಡ್ರ್ಯಾಗನ್ ಅದೇ, ಅರಮನೆ ಅದೇ, ಕೆಲಸದವರು ಅದೇ. ಅರಮನೆ ಪಾತ್ರೆ ತೊಳೆಯೋ ಹುಡುಗಿ ಕಥೆ ಯಾರು ಬರೀತಾರೆ?

500ಡಿ ಪ್ರಯಾಣಿಕ · 9:36

ಸಿಂಡರೆಲ್ಲಾನೇ ಪಾತ್ರೆ ತೊಳೆಯೋ ಹುಡುಗಿ ಅಲ್ವಾ ಗುರು?

ಮಳೆ ನಿಂತ ಮೇಲೆ · 9:38

ಅಲ್ಲ, ಅವಳು ಮನೆ ಮಗಳು, ಪಾಪ ಪಾತ್ರೆ ತೊಳೀತಿದ್ಲು ಅನ್ನೋದೇ ಅಲ್ಲಿ ದುಃಖ. ಕೆಲಸದವಳ ಮಗಳು ತೊಳೆದಿದ್ರೆ ಅದು ಕಥೆನೇ ಆಗ್ತಿರ್ಲಿಲ್ಲ.

500ಡಿ ಪ್ರಯಾಣಿಕ · 9:39

ಏಟು ಬಿತ್ತು. ಒಪ್ಕೊಂಡೆ.

ಕಡ್ಲೆಕಾಯಿ ಪರಿಷೆ · 10:02

ಬ್ಯೂಟಿ ಅಂಡ್ ದಿ ಬೀಸ್ಟ್ ಬಗ್ಗೆ ಯಾರೂ ಮಾತಾಡಿಲ್ಲ. ಅದನ್ನ ಬರೆದಿದ್ದು ಹೆಂಗಸು ಅಂತ ಎಷ್ಟು ಜನಕ್ಕೆ ಗೊತ್ತು? ವಿಲ್ನವ್ ಅನ್ನೋ ಫ್ರೆಂಚ್ ಲೇಖಕಿ 1740ರಲ್ಲಿ ಉದ್ದಕ್ಕೆ ಬರೆದಿದ್ದನ್ನ 1756ರಲ್ಲಿ ಬೊಮೊಂ ಅನ್ನೋ ಟೀಚರಮ್ಮ ಚಿಕ್ಕದು ಮಾಡಿದ್ರು, ಆಕೆ ಬರೆದಿದ್ದೇ ಹುಡುಗಿಯರ ಓದಿಗೆ ಅಂತ. ನೋಡದ ಗಂಡನ ಮನೆಗೆ ಹೋಗೋ ಹುಡುಗಿಯರಿಗೆ, ಹೋಗಮ್ಮ ಏನಾಗಲ್ಲ, ಮೃಗದ ಒಳಗೂ ಮನುಷ್ಯ ಇರ್ತಾನೆ ಅಂತ ಧೈರ್ಯ ಹೇಳಿದಂಗೆ. ಫೇರಿ ಟೇಲ್ ಅನ್ನೋ ಹೆಸರೂ ಬಂದಿದ್ದು 1697ರಲ್ಲಿ ದೋನ್ವಾ ಅನ್ನೋ ಹೆಂಗಸಿನ ಪುಸ್ತಕದ ಹೆಸರಿಂದ. ಗ್ರಿಮ್‌ಗೆ ಕಥೆ ಹೇಳಿದವರಲ್ಲೂ ಕಾಸೆಲ್ ಊರಿನ ಹೆಣ್ಣುಮಕ್ಕಳೇ ಬಹಳ. ಒಬ್ಬಾಕೆ ಡೊರೊತೆಯಾ ವೀಮನ್, ಊರಿಗೆ ಬಂದು ತರಕಾರಿ ಮಾರ್ತಿದ್ದವರು. ಹೇಳಿದವರು ಹೆಂಗಸರು, ಪುಸ್ತಕದ ಮೇಲೆ ಹೆಸರು ಗಂಡಸರದ್ದು.

ಈಗ ನಮ್ಮ ನಾಗಮಂಡಲ ನೋಡಿ. ರಾಮಾನುಜನ್ ಹೇಳಿದ ಜನಪದ ಕಥೆಗಳಿಂದ ಕಾರ್ನಾಡ್ 1988ರಲ್ಲಿ ಮಾಡಿದ ನಾಟಕ. ಅದು ಬ್ಯೂಟಿ ಅಂಡ್ ದಿ ಬೀಸ್ಟ್‌ನ ಮಗ್ಗುಲು ಬದಲಿಸಿದಂಗಿದೆ. ಹಗಲು ಬರೋ ಗಂಡ ಅಪ್ಪಣ್ಣ ಮನುಷ್ಯನ ರೂಪದ ಮೃಗ, ರಾತ್ರಿ ಅವನದೇ ರೂಪದಲ್ಲಿ ಬರೋ ಹಾವು ಪ್ರೀತಿಸೋ ಗಂಡ. ಅಪ್ಪಣ್ಣನ ಹೆಂಡತಿ ರಾಣಿ ತನ್ನ ಶೀಲ ಸಾಬೀತು ಮಾಡೋಕೆ ಹುತ್ತಕ್ಕೆ ಕೈಹಾಕಿ, ಗಂಡನ್ನೂ ಈ ಹಾವನ್ನೂ ಬಿಟ್ಟು ಇನ್ಯಾರನ್ನೂ ಮುಟ್ಟಿಲ್ಲ ಅಂತ ಆಣೆ ಮಾಡ್ತಾಳಲ್ಲ, ಆ ಮಾತಿನ ಜಾಣತನ ನೋಡಿ. ಒಂದಕ್ಷರ ಸುಳ್ಳಿಲ್ಲ.

ಬೆಣ್ಣೆ ಖಾಲಿ · 10:10

ಆ ನಾಟಕದ ಶುರುವಲ್ಲಿ ದೀಪಗಳೆಲ್ಲಾ ರಾತ್ರಿ ದೇವಸ್ಥಾನಕ್ಕೆ ಬಂದು ಹರಟೆ ಹೊಡೆಯೋದು ನನಗೆ ಬಲು ಇಷ್ಟ. ಕಥೆ ಗೊತ್ತಿದ್ದೂ ಹೇಳದ ಹೆಂಗಸಿನ ಬಾಯಿಂದ ಕಥೆನೇ ತಪ್ಪಿಸ್ಕೊಂಡು ಹೊರಗೆ ಬಂತು ಅನ್ನೋದು. ನನ್ನತ್ತೆ ಹಂಗೇ. ಎಷ್ಟು ಕಥೆ ಗೊತ್ತೋ, ಬಾಯೇ ಬಿಡಲ್ಲ. ರಾತ್ರಿ ಗೊರಕೆ ಜೊತೆ ಆಚೆ ಬರುತ್ತೇನೋ ಅಂತ ಕಾಯ್ತಿದೀನಿ.

ವೈದೇಹಿ ಅಲ್ಲ ನಾನು · 10:41

ರಾಮಾನುಜನ್ ಅಂದ್ಮೇಲೆ ಹೂವಿನ ಮರದ ಕಥೆ ಬಿಡಂಗಿಲ್ಲ. ಬಡ ತಾಯಿಗೆ ಇಬ್ಬರು ಹೆಣ್ಣುಮಕ್ಕಳು. ಚಿಕ್ಕವಳ ಮೇಲೆ ಒಂದು ಬಿಂದಿಗೆ ನೀರು ಹುಯ್ದರೆ ಹೂವಿನ ಮರ ಆಗ್ತಾಳೆ, ಇನ್ನೊಂದು ಬಿಂದಿಗೆ ಹುಯ್ದರೆ ಮತ್ತೆ ಹುಡುಗಿ. ಹೂ ಕೀಳೋರು ಉಗುರು ತಾಗದ ಹಾಗೆ, ಚಿಗುರು ಮುರೀದ ಹಾಗೆ ಕೀಳಬೇಕು. ರಾಜನ ಮಗ ಮದುವೆ ಆಗ್ತಾನೆ. ನಾದಿನಿ ಗೆಳತಿಯರನ್ನ ಕರ್ಕೊಂಡು ಹೋಗಿ ಬಲವಂತಕ್ಕೆ ಮರ ಮಾಡ್ಸಿ, ಕೊಂಬೆ ಮುರಿದು, ನೀರು ಸರಿಯಾಗಿ ಹುಯ್ಯದೆ ಬಿಟ್ಟು ಓಡಿಹೋಗ್ತಾಳೆ. ಕೈಕಾಲಿಲ್ಲದ ಅರೆಜೀವ ಉಳಿಯುತ್ತೆ.

ರಾಮಾನುಜನ್ ತಮ್ಮ ಪ್ರಬಂಧದಲ್ಲಿ ಇದನ್ನ ಹೆಂಗಸಿನ ಕಥೆ ಅಂತಲೇ ಕರೆದರು. ಕಾರ್ನಾಡರು 1992ರಲ್ಲಿ "ಚೆಲುವಿ" ಅಂತ ಹಿಂದಿ ಸಿನಿಮಾ ಮಾಡಿದ್ರು. ಅಮೆರಿಕದ ಸಂಗೀತ ಸಂಯೋಜಕ ಜಾನ್ ಆಡಮ್ಸ್ 2006ರಲ್ಲಿ ವಿಯೆನ್ನಾದಲ್ಲಿ ಒಪೆರಾನೇ ಮಾಡಿದ್ರು. ನಮ್ಮ ಅಡುಗೆಮನೆ ಜಗುಲಿ ಕಥೆ ಅಲ್ಲಿಗೆ ಹೋಗಿ ಹಾಡಾಯ್ತು, ಇಲ್ಲಿ ನಾವು ಚರ್ಚ್ ಸ್ಟ್ರೀಟಲ್ಲಿ ಸಿಂಡರೆಲ್ಲಾ ಹುಡುಕ್ತಿದೀವಿ.

ನನಗೆ ಆ ಕಥೇಲಿ ಕಾಡೋದು ಗಂಡ. ನಾದಿನಿ ಕ್ರೂರಿ, ಸರಿ. ಆದ್ರೆ ಪ್ರತಿ ರಾತ್ರಿ ಮರ ಆಗು, ಹೂ ಬೇಕು ಅಂದವನು ಅವನೇ ಅಲ್ವಾ ಮೊದಲು? ಅವನು ಮೆಲ್ಲಗೆ ಕಿತ್ತ, ಇವಳು ಒರಟಾಗಿ ಕಿತ್ತಳು. ಕಿತ್ತಿದ್ದು ಇಬ್ಬರೂ.

ಸುಮ್ನೆ ಓದುವವ · 10:55

ಇದನ್ನ ಒಪ್ಪಲ್ಲ. ಕೊನೇಲಿ ಮುರಿದ ಕೊಂಬೆ ಎಲೆ ಎಲ್ಲಾ ಜೋಡಿಸಿ ನೀರು ಹುಯ್ದು ಅವಳನ್ನ ಪೂರ್ತಿ ಮಾಡಿದವನು ಅವನೇ. ಅದಕ್ಕೆ ಮುಂಚೆ ಭಿಕ್ಷುಕನ ಹಾಗೆ ಊರೂರು ಅಲೆದ. ಎಲ್ಲಾ ಗಂಡಸರನ್ನೂ ಒಂದೇ ತಕ್ಕಡಿಗೆ ಹಾಕ್ಬೇಡಿ.

ವೈದೇಹಿ ಅಲ್ಲ ನಾನು · 11:01

ಒಪ್ಪಿದೆ, ಅಲೆದ. ಅವಳು ಕಳೆದುಹೋದ ಮೇಲೆ ಮರವನ್ನ ನೋಡಿಕೊಳ್ಳೋದು ಕಲಿತ. ನೀವು ಕಥೆ ಇಷ್ಟು ಚೆನ್ನಾಗಿ ಬಲ್ಲಿರಿ ಅಂತ ಗೊತ್ತಿರ್ಲಿಲ್ಲ.

ಸುಮ್ನೆ ಓದುವವ · 11:03

ನಮ್ಮಜ್ಜಿ ಹೇಳಿದ್ದು. ಎಷ್ಟು ಸಲ ಹೇಳಿದ್ರು ಅಂತ ಲೆಕ್ಕ ಇಲ್ಲ.

ತಾರಸಿ ತೋಟ · 11:30

ರಾಮಾಯಣ ಮಹಾಭಾರತದ್ದು ಇಲ್ಲಿ ಸೇರುತ್ತಾ? ಕುವೆಂಪು "ಶ್ರೀ ರಾಮಾಯಣ ದರ್ಶನಂ"ನಲ್ಲಿ ಸೀತೆ ಜೊತೆ ರಾಮನನ್ನೂ ಬೆಂಕಿಗೆ ಇಳಿಸಿದ್ರು, 1949ರಲ್ಲೇ. ಇದಕ್ಕಿಂತ ದೊಡ್ಡ ತಿರುವು ಬೇಕಾ? ಭೈರಪ್ಪನವರ 2017ರ "ಉತ್ತರಕಾಂಡ"ದಲ್ಲಿ ಕಥೆ ಹೇಳೋದೇ ಸೀತೆ. ತೆಲುಗಿನ ವೋಲ್ಗಾ ಅವರ "ವಿಮುಕ್ತ"ದಲ್ಲಿ ಸೀತೆ ಶೂರ್ಪನಖಿ, ಅಹಲ್ಯೆ, ರೇಣುಕೆ, ಊರ್ಮಿಳೆ ಒಬ್ಬೊಬ್ಬರನ್ನೇ ಭೇಟಿಯಾಗ್ತಾಳೆ. 2015ರ ಸಾಹಿತ್ಯ ಅಕಾಡೆಮಿ ಬಂತು ಅದಕ್ಕೆ.

ನಿರ್ವಾಹಕ · 11:34

ಪುರಾಣಕ್ಕೆ ಬೇರೆ ಎಳೆ ಇದೆ, ಅಲ್ಲಿ ಈಗಾಗ್ಲೇ 340 ಪ್ರತಿಕ್ರಿಯೆ ಆಗಿ ಮೂರು ಜನ ಮಾತು ಬಿಟ್ಟಿದಾರೆ. ದಯವಿಟ್ಟು ಇಲ್ಲಿ ಅಜ್ಜಿಕಥೆಗೇ ಇರಿ.

500ಡಿ ಪ್ರಯಾಣಿಕ · 11:36

ಆ ಮೂರು ಜನರಲ್ಲಿ ನಾನೂ ಒಬ್ಬ.

ಮಳೆ ನಿಂತ ಮೇಲೆ · 11:52

ಅಜ್ಜಿಕಥೆ ಅಲ್ಲ, ಹಾಡು. ಕೆರೆಗೆ ಹಾರ. ಶಾಲೇಲಿ ಭಾಗೀರಥಿ ತ್ಯಾಗಮಯಿ ಅಂತ ಬರೆದು ಅಂಕ ತಗೊಂಡಿದ್ವಿ. ಹೋದ ವರ್ಷ ಮತ್ತೆ ಓದಿದೆ. ತವರಿಗೆ ಹೋದವಳು ಅಪ್ಪ ಅಮ್ಮ ಕೇಳಿದ್ರೂ ನಿಜ ಹೇಳಲ್ಲ. ಗೆಳತಿ ಒಬ್ಬಳಿಗೆ ಮಾತ್ರ ಹೇಳ್ತಾಳೆ, ನನ್ನನ್ನ ಕೆರೆಗೆ ಹಾರ ಕೊಡ್ತಾರಂತೆ ಅಂತ. ಆ ಗೆಳತಿ ಎಲ್ಲ ಕೇಳಿಯೂ ಕೊಟ್ಟರೆ ಕೊಡಲಿ ಅಂದು ಕಳಿಸ್ತಾಳೆ. ಆಮೇಲೆ ಹಾಡಲ್ಲಿ ಅವಳಿಲ್ಲ.

ತಿರುಗಿ ಬರೆಯೋದಾದ್ರೆ ನಾನು ಆ ಗೆಳತಿ ಕಥೆ ಬರೀತೀನಿ. ಭಾಗೀರಥಿ ಕೈಗೆ ಕತ್ತಿ ಕೊಡಲ್ಲ, ಕೆರೆಯಿಂದ ಎಬ್ಬಿಸಲ್ಲ. ಆ ಊರಿಗೆ ನೀರು ತುಂಬಿದ ಸುದ್ದಿ ಬಂದ ದಿನ ಈ ಗೆಳತಿ ಬಿಂದಿಗೆ ತಗೊಂಡು ತಮ್ಮೂರ ಬಾವಿಗೆ ಹೋಗಿರ್ತಾಳಲ್ಲ, ಅಷ್ಟೆ ಸಾಕು.

ಹಳೇ ಪೇಪರ್ · 11:55

ಬರೀರಿ. ತಮಾಷೆಗಲ್ಲ, ನಿಜವಾಗ್ಲೂ ಬರೀರಿ.

ಸಂಜೆ ಮಲ್ಲಿಗೆ · ಮಧ್ಯಾಹ್ನ 2:18

ನಾನು ಇಲ್ಲಿ ಜಾಸ್ತಿ ಬರೆಯಲ್ಲ. ಆದ್ರೆ ಹಳೇ ಪೇಪರ್ ಅವರ ಗ್ರಿಮ್ ಮಾತು ಬೆಳಿಗ್ಗೆಯಿಂದ ತಲೇಲಿ ಕೂತಿದೆ.

ನಾನು ಮಲತಾಯಿ. 9 ವರ್ಷ ಆಯ್ತು. ಮದುವೆಯಾಗಿ ಬಂದಾಗ ಹುಡುಗನಿಗೆ 5 ವರ್ಷ. ಮನೇಲಿ ನನ್ನನ್ನ ಚಿಕ್ಕಮ್ಮ ಅಂತ ಕರೀತಾನೆ, ಆ ಪದ ನನಗೆ ಇಷ್ಟಾನೇ. ತೊಂದ್ರೆ ಮನೇಲಿಲ್ಲ, ಹೊರಗಿದೆ. ಮಗು ಸಣ್ಣಗಾದ್ರೆ ಪಕ್ಕದ ಮನೆಯವರ ಕಣ್ಣು ನನ್ನ ಕಡೆ. ನಾನು ಗದರಿಸಿದ್ರೆ ಅದು ಬೇರೆ ಗದರಿಕೆ. ಬೇರೆ ಅಮ್ಮಂದಿರು ಸ್ಕೂಲ್ ಗೇಟಲ್ಲಿ ಮಕ್ಕಳ ಬೆನ್ನಿಗೆ ಗುದ್ದಿ ಬಸ್ ಹತ್ತಿಸ್ತಾರೆ, ಯಾರೂ ನೋಡಲ್ಲ. ಪೇಪರ್ ತೆಗೆದ್ರೆ ಅನುದಾನ ಬಂದಿಲ್ಲ ಅಂದ್ರೂ "ಮಲತಾಯಿ ಧೋರಣೆ", ಬಸ್ಸು ಬಿಟ್ಟಿಲ್ಲ ಅಂದ್ರೂ "ಮಲತಾಯಿ ಧೋರಣೆ". ನಮ್ಮ ಹುಡುಗ 4ನೇ ಕ್ಲಾಸಲ್ಲಿದ್ದಾಗ ಆ ಹೆಡ್ಡಿಂಗ್ ಓದಿ "ಚಿಕ್ಕಮ್ಮಾ, ಹಂಗಂದ್ರೆ?" ಅಂತ ಕೇಳಿದ. ದುಡ್ಡು ಕಮ್ಮಿ ಕೊಡೋದು ಕಣೋ ಅಂದೆ. ಇನ್ನೇನ್ ಹೇಳ್ಲಿ?

ಒಂದು ಸಲ ಅವನ ಶಾಲೇಲಿ ಸ್ನೋವೈಟ್ ನಾಟಕ ಮಾಡ್ಸಿದ್ರು. ಹೊಸ ತರ ಮಾಡಿದೀವಿ ಅಂತ ಟೀಚರ್ ಹೆಮ್ಮೆಯಿಂದ ಹೇಳಿದ್ರು, ಸ್ನೋವೈಟೇ ಕುದುರೆ ಹತ್ತಿ ಬಂದು ಎಲ್ಲರನ್ನೂ ಉಳಿಸ್ತಾಳೆ ಅಂತ. ಕುದುರೆನೂ ಬಂತು. ಮಲತಾಯಿ ಮಾತ್ರ ಹಳೇ ಮಲತಾಯಿನೇ, ಉದ್ದ ಉಗುರು, ಕಪ್ಪು ಸೀರೆ. ಎಲ್ಲರೂ ಚಪ್ಪಾಳೆ ತಟ್ಟಿದ್ರು. ನಾನೂ ತಟ್ಟಿದೆ. ಪಕ್ಕದಲ್ಲಿ ಕೂತಿದ್ದ ನಮ್ಮ ಹುಡುಗ ನನ್ನ ಕಡೆ ತಿರುಗಲೇ ಇಲ್ಲ, ಅವನಿಗೇ ನಾಚಿಕೆ.

ಈಗ ನೀವು ಹೇಳ್ತಿದೀರಿ, ಅವಳು ಮೊದಲು ಹೆತ್ತಮ್ಮ ಆಗಿದ್ಲು ಅಂತ. ಅಮ್ಮ ಅನ್ನೋ ಹೆಸರು ಉಳಿಸೋಕೆ ನಮ್ಮ ಹೆಸರು ಕೆಡಿಸಿದ್ರು ಅಂತಾಯ್ತು. ಇನ್ನೂರು ವರ್ಷ ಆಯ್ತಲ್ಲ. ಕತ್ತಿ, ಕುದುರೆ, ಶೂ ಅಂಗಡಿ ಎಲ್ಲಾ ಹಂಚಿ ಮುಗಿದಿದ್ರೆ, ನಮಗೂ ಏನಾದ್ರೂ ಉಳಿದಿದ್ಯಾ ನೋಡಿ.

ಬೆಣ್ಣೆ ಖಾಲಿ · 2:25

🙏

ಧಾರವಾಡದಾಕಿ · 2:40

ತಂಗಿ, ನಿನ್ನ ಹುಡುಗ ನಾಚಿಕಿ ಪಟ್ಟನಲ್ಲ, ಅಂವಗ ಎಲ್ಲಾ ತಿಳೀತದ ಅಂತ ಅರ್ಥ. ನಮ್ಮ ಕಡೆ ಚಿಗವ್ವ ಅಂತೀವಿ.

ಹಳೇ ಪೇಪರ್ · 3:07

ಓದಿ ಎರಡು ಸಲ ಎದ್ದು ಓಡಾಡಿದೆ. ಎಮ್ಮಾ ಡೊನಹ್ಯೂ ಅಂತ ಐರ್ಲೆಂಡಿನ ಲೇಖಕಿ 1997ರಲ್ಲಿ ಬರೆದ "ಕಿಸ್ಸಿಂಗ್ ದ ವಿಚ್" ಅನ್ನೋ ಪುಸ್ತಕದಲ್ಲಿ ಒಂದು ಕ್ರಮ ಇದೆ. ಪ್ರತಿ ಕಥೆ ಕೊನೇಲಿ ನಾಯಕಿ ಆ ಕಥೆಯ ಇನ್ನೊಂದು ಪಾತ್ರವನ್ನ ಕೇಳ್ತಾಳೆ, ಇದಕ್ಕೆ ಮುಂಚೆ ನೀನು ಯಾರಾಗಿದ್ದೆ ಅಂತ. ಅವಳು ಹೇಳೋದು ಮುಂದಿನ ಕಥೆ. ಯಕ್ಷಿಣಿ, ಮಾಟಗಾತಿ, ಮಲತಾಯಿ ಎಲ್ಲರಿಗೂ ಒಂದೊಂದು ಸರದಿ. ಸ್ನೋವೈಟ್ ಕಥೇಲಿ ಕೊನೆಗೆ ಆ ಹುಡುಗಿ ತಾನಾಗೇ ಮಲತಾಯಿ ಮನೆಗೆ ವಾಪಸ್ ನಡೆದು ಹೋಗ್ತಾಳೆ. ನನ್ನ ಹತ್ರ ಪ್ರತಿ ಇದೆ, ಬೇಕಿದ್ರೆ ಕೊಡ್ತೀನಿ. ಗಾಂಧಿ ಬಜಾರಿಗೆ ಬರೋದಾದ್ರೆ ಹೇಳಿ.

ಸಂಜೆ ಮಲ್ಲಿಗೆ · 3:15

ವಾಪಸ್ ಹೋಗ್ತಾಳಾ? ಓದ್ಬೇಕು. ಶನಿವಾರ ಬರ್ತೀನಿ.

ಸುಮ್ನೆ ಓದುವವ · 3:41

ನಾನು ನಿನ್ನೆ ವಾಸ್ತು ಅಂದಿದ್ದೆ. ಆ ಮನೇಲಿ ಯಾರಿಗೆ ಕೋಣೆ ಸಿಕ್ಕಿಲ್ಲ ಅಂತ ಯೋಚಿಸಿರ್ಲಿಲ್ಲ. ಆದ್ರೂ ಶೂ ಅಂಗಡಿ ಪುಸ್ತಕ ಮಾತ್ರ ಒಪ್ಪಲ್ಲ, ಅದು ಬರೀ ಭಾಷಣ.

ಮಳೆ ನಿಂತ ಮೇಲೆ · 3:44

ಅದನ್ನ ನಾವ್ಯಾರೂ ಒಪ್ಪಿಲ್ಲ ಸಾರ್. ಒಟ್ಟಾರೆ ಇಡೀ ಎಳೆಯಲ್ಲಿ ಒಮ್ಮತ ಇರೋದು ಅದೊಂದ್ರಲ್ಲೇ.

500ಡಿ ಪ್ರಯಾಣಿಕ · 3:50

ಗಾಂಧಿ ಬಜಾರಲ್ಲಿ ಬೈಕ್ ಪಾರ್ಕಿಂಗ್ ಸಿಗುತ್ತಾ ಈಗ? ನಾನೂ ಬರ್ತೀನಿ, ಪುಸ್ತಕಕ್ಕಲ್ಲ, ದೋಸೆಗೆ.

ಕಡ್ಲೆಕಾಯಿ ಪರಿಷೆ · 3:52

ಮೆಟ್ರೋಲಿ ನ್ಯಾಷನಲ್ ಕಾಲೇಜ್ ಸ್ಟೇಷನ್ ಇಳಿದು ನಡೀರಿ. ಪಾರ್ಕಿಂಗ್ ನಂಬ್ಕೊಂಡ್ರೆ ಗುಬ್ಬಣ್ಣನ ಗತಿನೇ.

ಒಗ್ಗರಣೆ ಡಬ್ಬಿ · ರಾತ್ರಿ 9:48

ಎಲ್ಲಾ ಓದಿದೆ, ಅಮ್ಮನಿಗೂ ಓದಿ ಹೇಳಿದೆ. ಹಂಚಿ ಕಥೆ ನಮ್ಮ ಕಡೆ ಕೇಳಿಲ್ಲ ಅಂದ್ರು, ಹೂವಿನ ಮರ ಗೊತ್ತು ಅಂದ್ರು. ಸಂಜೆ ಮಲ್ಲಿಗೆಯವರು ಬರೆದಿದ್ದನ್ನ ಇನ್ನೊಂದು ಸಲ ಓದು ಅಂದ್ರು. ಆಮೇಲೆ ಸುಮಾರು ಹೊತ್ತು ಸುಮ್ಮನಿದ್ರು.

ನನಗೆ ಆಗಲೇ ಹೊಳೆದಿದ್ದು. ನಾನು ಚಿಕ್ಕವಳಿದ್ದಾಗಿಂದ ಅಮ್ಮ ನೂರಾರು ಕಥೆ ಹೇಳಿದಾರೆ, ಒಂದ್ರಲ್ಲೂ ಮಲತಾಯಿ ಇರ್ಲಿಲ್ಲ. ರಾಕ್ಷಸಿ ಇದ್ಲು, ಜಗಳಗಂಟಿ ಅತ್ತೆ ಇದ್ಲು, ಏಳು ಜನ ಓರಗಿತ್ತಿಯರಿದ್ರು. ಮಲತಾಯಿ ಇಲ್ಲ. ಯಾಕಮ್ಮಾ ಅಂತ ಕೇಳಿದೆ.

"ನಮ್ಮಮ್ಮ ಎರಡನೇ ಸಂಬಂಧ ಕಣೆ. ನಿಮ್ಮ ದೊಡ್ಡ ಸೋದರಮಾವ ಮೊದಲನೆಯವರ ಮಗ. ಒಲೆ ಮುಂದೆ ಎಲ್ಲರನ್ನೂ ಒಟ್ಟಿಗೆ ಕೂರಿಸ್ಕೊಂಡು ಕೈತುತ್ತು ಹಾಕ್ತಾ ಕಥೆ ಹೇಳೋರು. ಅವನ ಎದುರಿಗೆ ಆ ಕಥೆ ಹೆಂಗ್ ಹೇಳ್ತಾರೆ? ಮಲತಾಯಿ ಬರೋ ಕಡೆ ರಾಕ್ಷಸಿ ಅಂದ್ಬಿಡೋರು. ನನಗೆ ದೊಡ್ಡವಳಾಗೋವರೆಗೂ ಗೊತ್ತೇ ಇರ್ಲಿಲ್ಲ."

ನನಗೆ 38 ವರ್ಷ. ಮಾವ ಮಲಮಗ ಅಂತ ಇವತ್ತು ಗೊತ್ತಾಯ್ತು.

ಧಾರವಾಡದಾಕಿ · 9:55

ನಿಮ್ಮ ಅಜ್ಜಿ ಹೆಸರೇನ್ರೀ?

ಒಗ್ಗರಣೆ ಡಬ್ಬಿ · 9:57

ಹೆಸರು ಇಲ್ಲಿ ಬೇಡ ಅಂತಿದಾರೆ ಅಮ್ಮ. ಎಲ್ಲರೂ ಪುಟ್ಟಮ್ಮ ಅಂತಿದ್ರಂತೆ, ಮಾವನೂ.

ಹಳೇ ಪೇಪರ್ · 10:03

ಅಮ್ಮನವರನ್ನೂ ಶನಿವಾರ ಕರ್ಕೊಂಡು ಬನ್ನಿ.

ಒಗ್ಗರಣೆ ಡಬ್ಬಿ · 10:06

ಕೇಳಿದೆ. ಬರ್ತಾರಂತೆ, ಒಂದು ಷರತ್ತು. ಕಾಗಕ್ಕನ ಮನೆ ಉಪ್ಪಿಂದು ಅಂದವರು ಯಾರು ಅಂತ ತೋರಿಸ್ಬೇಕಂತೆ.

ಕಡ್ಲೆಕಾಯಿ ಪರಿಷೆ · 10:07

ನಾನು ಶನಿವಾರ ಊರಲ್ಲಿರಲ್ಲ.